ಮಗುವಿನ ಕೈಗೆ ಫೋನ್: ಮೊದಲು ಏನು, ಆಮೇಲೆ ಏನು

‘ಎಷ್ಟನೇ ಕ್ಲಾಸಿಗೆ ಫೋನ್ ಕೊಡಿಸಬಹುದು ಸರ್?’ ಪೋಷಕರ ಸಭೆ ಮುಗಿದು ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಹುಡುಕುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಎರಡು ತಿಂಗಳು ಕಳೆದು ಅದೇ ಪೋಷಕರು ಮತ್ತೆ ಬರುತ್ತಾರೆ. ಈ ಸಲ ಪ್ರಶ್ನೆ ಬೇರೆ: ‘ಕೊಟ್ಟುಬಿಟ್ಟಿದ್ದೀವಿ, ವಾಪಸ್ ಇಸ್ಕೊಳ್ಳೋದು ಹೇಗೆ?’ ನಾನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುವವನು. ಇಂಥ ಎಷ್ಟೋ ಮನೆಗಳ ಫೋನಿನ ಸೆಟ್ಟಿಂಗ್ ಸರಿಮಾಡಿ ಕೊಟ್ಟಿದ್ದೇನೆ. ಎಲ್ಲರೂ ಎಡವಿದ ಕಲ್ಲು ಹೆಚ್ಚುಕಡಿಮೆ ಒಂದೇ. ಮೊದಲು ಫೋನ್ ಬರುತ್ತದೆ, ಆಮೇಲೆ ಸಿಮ್, ಆಮೇಲೆ ಮಗು ಕೇಳಿದ ಆ್ಯಪ್‌ಗಳೆಲ್ಲ. ಜಗಳ ಶುರುವಾದ ಮೇಲೆ ನಿಯಮ. ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಇಲ್ಲಿ ಅದೇ ಕ್ರಮವನ್ನು ತಲೆಕೆಳಗು ಮಾಡಿದ್ದೇನೆ. ಫೋನ್ ಮಗುವಿನ ಕೈ ಸೇರುವ ಹೊತ್ತಿಗೆ ಐದಾರು ವಾರ ಹಿಡಿಯುತ್ತದೆ. ನಾಳೆಯೇ ಹುಟ್ಟುಹಬ್ಬ ಇದ್ದರೆ ಈ ಸಲಕ್ಕೆ ಸೈಕಲ್ಲೋ ಕೇರಂ ಬೋರ್ಡೋ ನೋಡಿ.

ಕೈಯಲ್ಲಿ ಇರಬೇಕಾದ್ದು

ಒಂದು ನೋಟ್‌ಬುಕ್. ಮನೆಯವರೆಲ್ಲ ಬಳಸುವ ಒಂದು ಫೋನ್ ಅಥವಾ ಟ್ಯಾಬ್. ನಿಮ್ಮ ಜಿಮೇಲಿನ ಪಾಸ್‌ವರ್ಡ್ (ಇದು ನೆನಪಿಲ್ಲದವರೇ ಜಾಸ್ತಿ, ಮೊದಲು ಸರಿಮಾಡಿಕೊಳ್ಳಿ). ಮಲಗುವ ಕೋಣೆಯ ಹೊರಗೆ ರಾತ್ರಿ ಚಾರ್ಜಿಗೆ ಹಾಕಲು ಒಂದು ಪ್ಲಗ್. ಒಂದು ಅಲಾರಂ ಗಡಿಯಾರ ಕೂಡ ಬೇಕು, ಯಾಕೆಂದರೆ ‘ಅಲಾರಂಗೆ ಫೋನ್ ಪಕ್ಕದಲ್ಲಿ ಇರ್ಲೇಬೇಕು’ ಎನ್ನುವುದು ಮಕ್ಕಳು ಹೂಡುವ ಮೊದಲ ವಾದ. ದೊಡ್ಡವರದ್ದೂ ಅದೇ.

ವಯಸ್ಸಿನ ಲೆಕ್ಕ ಎಷ್ಟು ನಂಬಬೇಕು

ಪುಟ್ಟ ಮಕ್ಕಳ ವಿಷಯ ಸರಳ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು.

ಗೊಂದಲ ಇರುವುದು ಹತ್ತರ ನಂತರ. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಎಲ್ಲದರಲ್ಲೂ ಸ್ವಂತ ಖಾತೆಗೆ 13 ವರ್ಷ ಎಂದಿದೆ. ಈ ಹದಿಮೂರು ಮಕ್ಕಳ ಮನಸ್ಸನ್ನು ಅಳೆದು ಬಂದ ಸಂಖ್ಯೆಯಲ್ಲ. 13ರೊಳಗಿನವರ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕು ಎಂದ ಅಮೆರಿಕದ 1998ರ ಕಾನೂನಿನಿಂದ ಬಂದದ್ದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯೇ ಬೇಡ ಎಂದಿದೆ. ಮೂರು ಕಡೆ ಮೂರು ಸಂಖ್ಯೆ. ಹಾಗಾಗಿ ಸಂಖ್ಯೆಯನ್ನು ಕನಿಷ್ಠ ಗೆರೆ ಎಂದು ಇಟ್ಟುಕೊಳ್ಳಿ. ಗೆರೆ ದಾಟಿದ ಮಗು ಸಿದ್ಧವಾಗಿದೆಯೇ ಎನ್ನುವುದನ್ನು ನೀವೇ ಪರೀಕ್ಷಿಸಬೇಕು, ಅದೂ ಫೋನ್ ಕೊಳ್ಳುವ ಮೊದಲು.

ಹಂತ 1: ಯಾಕೆ ಬೇಕು ಎಂದು ಮಗುವಿನ ಕೈಯಲ್ಲೇ ಬರೆಸಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಗುವೇ ಬರೆಯಲಿ: ಫೋನ್ ಯಾಕೆ ಬೇಕು? ‘ಎಲ್ಲರ ಹತ್ರ ಇದೆ’ ಎಂದು ಬರೆದರೂ ನಗಬೇಡಿ, ಅದೂ ಒಂದು ಕಾರಣವೇ. ಗೆಳೆಯರ ಗುಂಪಿನಲ್ಲಿ ನಿನ್ನೆ ರಾತ್ರಿ ಆಡಿದ ತಮಾಷೆ ಬೆಳಿಗ್ಗೆ ತನಗೊಬ್ಬಳಿಗೇ ಗೊತ್ತಿಲ್ಲ ಎನ್ನುವ ನೋವು ಹುಸಿಯಲ್ಲ.

ಆಮೇಲೆ ಒಂದೊಂದು ಕಾರಣದ ಎದುರೂ, ಆ ಕೆಲಸ ಆಗಲು ಅತಿ ಕಡಿಮೆ ಏನು ಸಾಕು ಎಂದು ನೀವು ಬರೆಯಿರಿ. ಟ್ಯೂಷನ್ ಮುಗಿದಾಗ ಮನೆಗೆ ಹೇಳಬೇಕೇ? ಕೀಪ್ಯಾಡ್ ಫೋನ್ ಸಾಕು. ಹೋಂವರ್ಕಿನ ಫೋಟೋ ಬರುತ್ತದೆಯೇ? ಅಮ್ಮನ ವಾಟ್ಸ್ಆ್ಯಪ್‌ಗೆ ಬರಲಿ. ಗಣಿತದ ವಿಡಿಯೊ ನೋಡಬೇಕೇ? ಹಾಲ್‌ನಲ್ಲಿರುವ ಟಿವಿ ಅಥವಾ ಸಿಮ್ ಇಲ್ಲದ ಟ್ಯಾಬ್. ಊರಿಂದೂರಿಗೆ ಬಸ್ಸಿನಲ್ಲಿ ಓಡಾಡುವ, ಹಾಸ್ಟೆಲಿಗೆ ಹೋಗುವ ಮಗುವಿನ ಮಾತು ಬೇರೆ. ಅಲ್ಲಿ ಸ್ಮಾರ್ಟ್‌ಫೋನ್ ನಿಜಕ್ಕೂ ಬೇಕಾಗಬಹುದು.

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಮನೆಗಳ ಪಟ್ಟಿ ಇಲ್ಲಿಗೇ ಮುಗಿಯುತ್ತದೆ. ಬೇಕಿರುವುದು ಕರೆ, ಕೊಳ್ಳಲು ಹೊರಟದ್ದು 5ಜಿ ಫೋನ್. ಒಂದು ಎಚ್ಚರಿಕೆ: ಈಗಿನ ಕೆಲವು 4ಜಿ ಕೀಪ್ಯಾಡ್ ಫೋನುಗಳಲ್ಲೂ ಯೂಟ್ಯೂಬ್, ಯುಪಿಐ ಇರುತ್ತವೆ. ಡಬ್ಬಿಯ ಮೇಲಿರುವುದನ್ನು ಓದಿ ತನ್ನಿ.

ಹಂತ 2: ದೊಡ್ಡವರ ಫೋನ್‌ಗಳಿಗೆ ಮೊದಲು ಬೀಗ

ಇದನ್ನು ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ.

ನನ್ನ ಮಗ ಆಗ ಐದನೇ ಕ್ಲಾಸು. ಸ್ವಂತ ಫೋನ್ ಇರಲಿಲ್ಲ, ಭಾನುವಾರ ನನ್ನ ಫೋನಿನಲ್ಲಿ ಒಂದು ಆಟ ಆಡುತ್ತಿದ್ದ. ಒಂದು ಸೋಮವಾರ ಬ್ಯಾಂಕಿನ ಮೆಸೇಜುಗಳನ್ನು ನೋಡುತ್ತೇನೆ, 159 ರೂಪಾಯಿ, ಮೂರು ಸಲ. ಆಟದಲ್ಲಿ ವಜ್ರ ಕೊಂಡಿದ್ದಾನೆ. ಯುಪಿಐ ಪಿನ್ ಹೇಗೆ ಗೊತ್ತಾಯಿತು ಅಂದರೆ, ‘ನೀನೇ ತರಕಾರಿ ಅಂಗಡೀಲಿ ಒತ್ತುತೀಯಲ್ಲ ಅಪ್ಪ, ದಿನಾ’ ಅಂದ. ಅವನ ಎತ್ತರ ಸರಿಯಾಗಿ ನನ್ನ ಎದೆ ಮಟ್ಟಕ್ಕಿತ್ತು. ಫೋನ್ ಹಿಡಿದು ಪಿನ್ ಒತ್ತುವಾಗ ಪರದೆ ಅವನ ಕಣ್ಣೆದುರಿಗೇ ಬರುತ್ತಿತ್ತು. ಬೈಯಲು ಬಾಯಿ ತೆರೆದವನು ಸುಮ್ಮನಾದೆ.

ಮಾಡಬೇಕಾದ್ದು ಇಷ್ಟು. ಯುಪಿಐ ಪಿನ್ ಬದಲಿಸಿ. ಫೋನಿನ ಲಾಕಿಗೆ ಬಳಸುವ ಅಂಕಿಗಳನ್ನೇ ಇಲ್ಲಿಗೂ ಇಡಬೇಡಿ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಯುಪಿಐ ಆ್ಯಪ್‌ನಲ್ಲಿ ‘ಆಟೊಪೇ’ ವಿಭಾಗ ತೆರೆದು, ನಿಮಗೆ ನೆನಪೇ ಇಲ್ಲದ ಚಂದಾಗಳನ್ನು ರದ್ದು ಮಾಡಿ. ಒಮ್ಮೆ ಒಪ್ಪಿಕೊಂಡ ಆಟೊಪೇಗೆ ಪ್ರತಿ ತಿಂಗಳೂ ಪಿನ್ ಕೇಳಬೇಕೆಂದಿಲ್ಲ.

ಅಜ್ಜನ ಫೋನ್ ಮರೆಯಬೇಡಿ. ಮನೆಯಲ್ಲಿ ಎಷ್ಟೇ ಕಟ್ಟುನಿಟ್ಟು ಮಾಡಿದರೂ ಲಾಕೇ ಇಲ್ಲದ ಅಜ್ಜನ ಫೋನ್ ಒಂದಿದ್ದರೆ ಎಲ್ಲ ಸೋರಿಹೋಗುತ್ತದೆ. ಅಜ್ಜನನ್ನು ಎದುರಿಗೆ ಕೂರಿಸಿಕೊಂಡು, ಮೊಮ್ಮಗುವಿಗೆ ಎಷ್ಟು ಹೊತ್ತು, ಏನು ಎಂದು ಮಾತಾಡಿ. ನಿಮ್ಮ ಬೆನ್ನ ಹಿಂದೆ ಬದಲಾಗುವ ನಿಯಮ ನಿಯಮವಲ್ಲ ಎಂದು ಮಕ್ಕಳಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಟಿವಿಯೂ ಅಷ್ಟೇ. ಸ್ಮಾರ್ಟ್ ಟಿವಿಯ ಯೂಟ್ಯೂಬ್ ನಿಮ್ಮ ಖಾತೆಯಲ್ಲಿ ತೆರೆದಿದ್ದರೆ ಮಗುವಿನ ಮುಂದೆ ಬರುವುದು ನಿಮ್ಮ ರುಚಿಯ ವಿಡಿಯೊಗಳು. ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ.

ಹಂತ 3: ಮೂರು ವಾರದ ತಾಲೀಮು

ಇದೇ ನಿಜವಾದ ಪರೀಕ್ಷೆ, ಹಾಗಾಗಿ ಇಲ್ಲಿ ಆತುರ ಬೇಡ. ಮನೆಯ ಹಂಚಿಕೆಯ ಫೋನ್ ಅಥವಾ ಟ್ಯಾಬ್ ಅನ್ನು ದಿನಕ್ಕೆ ನಿಗದಿತ ಹೊತ್ತು, ಹೇಳೋಣ ಸಂಜೆ 6.30ರಿಂದ 7.15, ಮಗುವಿಗೆ ಕೊಡಿ. ಜಾಗ ಹಾಲ್ ಅಥವಾ ಅಡುಗೆಮನೆ. ಏನು ನೋಡಬೇಕು ಎಂದು ಮಗುವೇ ಆರಿಸಲಿ. ನೀವು ಗಮನಿಸಬೇಕಾದ್ದು ಮಗು ಫೋನನ್ನು ಕೆಳಗಿಡುವ ಆ ಒಂದು ನಿಮಿಷವನ್ನು.

7.10ಕ್ಕೆ ಒಮ್ಮೆ ಹೇಳಿ, ‘ಇನ್ನೈದು ನಿಮಿಷ’. 7.15ಕ್ಕೆ ಕೈ ಚಾಚಿ. ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ‘ಕೊಟ್ಟಳು’. ‘ಇದೊಂದು ವಿಡಿಯೊ ಅಂದಳು, ಮುಗಿಸಿ ಕೊಟ್ಟಳು’. ‘ಮುಖ ಊದಿಸಿಕೊಂಡಳು, ಊಟದ ಹೊತ್ತಿಗೆ ಸರಿಹೋದಳು’. ‘ಕಿತ್ತುಕೊಳ್ಳಬೇಕಾಯಿತು’. ಮೊದಲ ವಾರ ಎಲ್ಲ ಬಗೆಯೂ ಬರುತ್ತವೆ, ಅದು ಸಹಜ. ಮೂರನೇ ವಾರದಲ್ಲೂ ‘ಕಿತ್ತುಕೊಳ್ಳಬೇಕಾಯಿತು’ ಎಂಬ ಸಾಲು ಎರಡು ಮೂರು ಸಲ ಇದ್ದರೆ ಸ್ವಂತ ಫೋನಿನ ಮಾತು ಮೂರು ತಿಂಗಳು ಮುಂದಕ್ಕೆ ಹೋಗಲಿ.

ಒಂದು ಸೂಕ್ಷ್ಮ: ಆಟದ ನಡುವೆ ಕಸಿದುಕೊಂಡು ‘ನೋಡಿ, ರಚ್ಚೆ ಹಿಡೀತಾನೆ’ ಎನ್ನುವುದು ಅನ್ಯಾಯ. ನಾಲ್ಕು ಜನ ಸೇರಿ ಆಡುವ ಆಟದಲ್ಲಿ ನಡುವೆ ಬಿಟ್ಟು ಎದ್ದರೆ ತಂಡದವರು ಬೈಯುತ್ತಾರೆ. ಒಂದು ಸುತ್ತಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಕೇಳಿ ತಿಳಿದುಕೊಂಡು ಗಡುವು ಹಾಕಿ.

ಎರಡನೇ ವಾರದಿಂದ ಇನ್ನೊಂದನ್ನು ಸೇರಿಸಿ. ‘ಇವತ್ತು ನೋಡಿದ್ದರಲ್ಲಿ ವಿಚಿತ್ರ ಅನ್ನಿಸಿದ್ದು ಏನಾದರೂ ಇತ್ತಾ?’ ಎಂದು ಕೇಳಿ, ವಿಚಾರಣೆಯ ದನಿಯಲ್ಲಲ್ಲ, ಚಪಾತಿ ಲಟ್ಟಿಸುತ್ತಾ ಕೇಳುವ ದನಿಯಲ್ಲಿ. ಮಗು ತಾನಾಗಿ ಬಂದು ‘ಅಮ್ಮ, ಒಂದು ಕೆಟ್ಟ ಜಾಹೀರಾತು ಬಂತು’ ಎಂದು ಹೇಳಿದ ದಿನಕ್ಕೆ ಗುರುತು ಹಾಕಿ. ನಾನು ಹುಡುಕುವ ಲಕ್ಷಣಗಳಲ್ಲಿ ದೊಡ್ಡದು ಇದೇ. ಫೋನನ್ನು ಚೆನ್ನಾಗಿ ಬಳಸುವ ಮಗುವಿಗಿಂತ ಎಡವಟ್ಟಾದಾಗ ಬಂದು ಹೇಳುವ ಮಗು ಹೆಚ್ಚು ಸಿದ್ಧ. ಸೆಟ್ಟಿಂಗ್ ಎಲ್ಲ ನನಗಿಂತ ಚೆನ್ನಾಗಿ ಬಲ್ಲ ಹುಡುಗರು ನನ್ನ ಕ್ಲಾಸಿನಲ್ಲಿದ್ದಾರೆ. ಅವರೇ ಒಟಿಪಿ ಹೇಳಿ ಕೂತಿದ್ದನ್ನೂ ನೋಡಿದ್ದೇನೆ.

ಹೇಳುವುದಿಲ್ಲ ಎಂದಾದರೆ ತಪ್ಪು ಮಗುವಿನದೇ ಎಂದುಕೊಳ್ಳಬೇಡಿ. ಕಳೆದ ಸಲ ಪೆನ್ಸಿಲ್ ಬಾಕ್ಸ್ ಕಳೆದುಕೊಂಡು ಬಂದು ಹೇಳಿದಾಗ ಮನೆಯಲ್ಲಿ ಏನಾಯಿತು ಎಂದು ನೆನಪಿಸಿಕೊಳ್ಳಿ.

ಹಂತ 4: ನಾಲ್ಕು ನಾಟಕ

ಒಂದು ಭಾನುವಾರ ಕೂತು ಆಡಿಸಿ. ಒಂದು ಚೀಟಿಯಲ್ಲಿ ಮೆಸೇಜ್ ಬರೆದು ಕೊಟ್ಟು ‘ಈಗೇನು ಮಾಡ್ತೀಯ?’ ಎಂದು ಕೇಳುವುದು, ಅಷ್ಟೇ.

ಒಂದು: ‘ಅಂಕಲ್, ತಪ್ಪಾಗಿ ನಿಮ್ಮ ನಂಬರಿಗೆ ನನ್ನ ಒಟಿಪಿ ಬಂದಿದೆ, ಸ್ವಲ್ಪ ಹೇಳಿ.’ ಬೇಕಾದ ಉತ್ತರ: ಹೇಳಲ್ಲ, ಅಪ್ಪಂಗೋ ಅಮ್ಮಂಗೋ ತೋರಿಸ್ತೀನಿ.

ಎರಡು: ಪರಿಚಯದವರ ನಂಬರಿನಿಂದಲೇ ‘ಮದುವೆ ಕರೆಯೋಲೆ’ ಎಂಬ ಫೈಲ್ ಬಂದಿದೆ, ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರಕ್ಷರ. ಕರೆಯೋಲೆ ಫೋಟೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಎಪಿಕೆ ಆಗಿರುವುದಿಲ್ಲ. ಎಪಿಕೆ ಎಂದರೆ ಆ್ಯಪ್. ಕಳಿಸಿದವರ ಫೋನೇ ಕಳ್ಳರ ಕೈಗೆ ಸಿಕ್ಕಿರಬಹುದು. ಈ ಪ್ರಶ್ನೆಯಲ್ಲಿ ಮಕ್ಕಳಿಗಿಂತ ಅಪ್ಪಂದಿರೇ ಹೆಚ್ಚಾಗಿ ನಪಾಸಾಗುತ್ತಾರೆ.

ಮೂರು: ಕ್ಲಾಸಿನ ಗುಂಪಿನಲ್ಲಿ ಒಬ್ಬ ಹುಡುಗಿಯ ಫೋಟೋಗೆ ಕಿರೀಟ, ಮೀಸೆ ಬಿಡಿಸಿ ಹಾಕಿದ್ದಾರೆ. ಎಲ್ಲರೂ ನಗುವ ಇಮೋಜಿ ಹಾಕುತ್ತಿದ್ದಾರೆ. ಇದಕ್ಕೆ ಒಂದೇ ಸರಿಯುತ್ತರ ಇಲ್ಲ. ‘ನಾನೂ ನಗ್ತೀನಿ’ ಎಂದರೆ ಮಾತು ಮುಂದುವರಿಸಿ. ‘ಸುಮ್ನಿರ್ತೀನಿ’ ಎಂದರೆ ಒಳ್ಳೆಯದು. ‘ಅವಳಿಗೆ ಬೇರೆಯಾಗಿ ಮೆಸೇಜ್ ಮಾಡ್ತೀನಿ’ ಎಂದ ಮಗುವಿಗೆ ಗುಂಪಿನಲ್ಲಿರುವ ಯೋಗ್ಯತೆ ಬಂದಿದೆ.

ನಾಲ್ಕು: ಆಟದಲ್ಲಿ ಪರಿಚಯವಾದ ‘14 ವರ್ಷದ’ ಗೆಳೆಯ, ‘ನಿನ್ನ ಫೋಟೋ ಕಳಿಸು, ಮನೆಯಲ್ಲಿ ಹೇಳ್ಬೇಡ’ ಎನ್ನುತ್ತಾನೆ. ಫೋಟೋದ ಮಾತು ಎರಡನೆಯದು. ‘ಮನೆಯಲ್ಲಿ ಹೇಳ್ಬೇಡ’ ಎಂದವರು ಯಾರೇ ಆದರೂ ಮನೆಯಲ್ಲಿ ಹೇಳಲೇಬೇಕು ಎನ್ನುವುದನ್ನು ಉಚ್ಚಾರದ ಪಾಠದಂತೆ ಹತ್ತು ಸಲ ಹೇಳಿಸಿ.

ಹಂತ 5: ಸಾಧನ, ಸಿಮ್, ದಿನ

ತಾಲೀಮು ಮುಗಿದು ಸ್ಮಾರ್ಟ್‌ಫೋನ್ ಕೊಡುವುದು ಎಂದು ತೀರ್ಮಾನವಾಯಿತು ಎಂದಿಟ್ಟುಕೊಳ್ಳಿ. ದುಬಾರಿ ಬೇಡ. ಹಳೆಯದಾದರೂ ಆದೀತು, ಆದರೆ ಸಾಫ್ಟ್‌ವೇರಿನ ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿರಬೇಕು.

ಸಿಮ್ ನಿಮ್ಮ ಹೆಸರಿನಲ್ಲಿ ಇರುತ್ತದೆ. ಆ ನಂಬರಿನಿಂದ ಏನೇ ಆದರೂ ಪೊಲೀಸರು ಮೊದಲು ಕೇಳುವುದು ನಿಮ್ಮನ್ನೇ. ಇದನ್ನು ಮಗುವಿಗೆ ಹೆದರಿಸುವಂತಲ್ಲದೆ, ಇರುವುದನ್ನು ಇದ್ದಂತೆ ಹೇಳಿ. ಬ್ಯಾಂಕ್ ಖಾತೆಗೆ ಜೋಡಿಸಿದ ನಿಮ್ಮ ಹಳೆಯ ನಂಬರನ್ನು ಮಾತ್ರ ಯಾವ ಕಾರಣಕ್ಕೂ ಮಗುವಿನ ಫೋನಿಗೆ ಹಾಕಬೇಡಿ. ಒಟಿಪಿಗಳೆಲ್ಲ ಅಲ್ಲಿಗೇ ಹೋಗುತ್ತವೆ.

ದಿನ ಯಾವುದು? ಬೇಸಿಗೆ ರಜೆ ಶುರುವಾಗುವ ವಾರ ಬೇಡವೇ ಬೇಡ. ಏಪ್ರಿಲ್ ಬಿಸಿಲು, ದಿನವಿಡೀ ಬಿಡುವು, ಅಪ್ಪ ಅಮ್ಮ ಕೆಲಸಕ್ಕೆ, ಕೈಯಲ್ಲಿ ಹೊಸ ಫೋನ್. ಇದಕ್ಕಿಂತ ಕೆಟ್ಟ ಮುಹೂರ್ತ ಇಲ್ಲ. ದಸರಾ ರಜೆ ಮುಗಿದು ಶಾಲೆಯ ದಿನಚರಿ ಹಳಿಗೆ ಬಂದ ಮೇಲೆ ಕೊಡಿ.

ಸಿಮ್ ಹಾಕುವ ಮಕ್ಕಳ ಸ್ಮಾರ್ಟ್‌ವಾಚ್ ಬಗ್ಗೆಯೂ ಕೇಳುತ್ತಾರೆ. ಕರೆ ಮತ್ತು ಎಲ್ಲಿದ್ದಾರೆ ಎನ್ನುವುದಕ್ಕೆ ಮಾತ್ರ ಬೇಕಿದ್ದರೆ ಸರಿ. ಆದರೆ ಹೆಸರೇ ಕೇಳದ ಕಂಪನಿಯ ಅಗ್ಗದ ವಾಚಿನ ಆ್ಯಪ್‌ಗೆ ಮಗು ಎಲ್ಲೆಲ್ಲಿ ಓಡಾಡುತ್ತದೆ ಎಂಬ ಮಾಹಿತಿ ಕೊಡುವ ಮುನ್ನ ಎರಡು ಸಲ ಯೋಚಿಸಿ.

ಹಂತ 6: ಡಬ್ಬಿ ತೆರೆಯುವುದು ನೀವು

ಹೊಸ ಫೋನ್ ಡಬ್ಬಿಯನ್ನು ಮಗುವೇ ತೆರೆಯಲಿ ಎನ್ನುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಹಿಂದಿನ ರಾತ್ರಿಯೇ ಒಂದು ಗಂಟೆ ಕೂತು ಈ ಕೆಲಸ ಮುಗಿಸಿ. ಕ್ರಮ ತಪ್ಪಿದರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.

1. ಫೋನ್ ಹಳೆಯದಾದರೆ ಫ್ಯಾಕ್ಟರಿ ರೀಸೆಟ್, ಅಂದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿ. ನಿಮ್ಮ ಜಿಮೇಲ್ ಅದರಲ್ಲಿ ಉಳಿಯಬಾರದು. ಅರ್ಧ ಅವಾಂತರಗಳಿಗೆ ಮೂಲ, ಅಪ್ಪನ ಖಾತೆ ತೆರೆದಿದ್ದ ಹಾಗೆಯೇ ಮಗನಿಗೆ ದಾಟಿದ ಫೋನ್. ಗೂಗಲ್ ಪಾಲಿಗೆ ಆ ಮಗು 42 ವರ್ಷದ ಗಂಡಸು.

2. ನಿಮ್ಮ ಫೋನಿನಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ (ಮಗುವಿನ ಫೋನಿಗೆ ಪೋಷಕರು ಮಿತಿ ಹಾಕುವ ಆ್ಯಪ್) ಹಾಕಿಕೊಂಡು ಅಲ್ಲಿಂದ ಮಗುವಿನ ಖಾತೆ ತೆರೆಯಿರಿ. ಇದು ಉಚಿತ. ಐಫೋನ್ ಆದರೆ ಫ್ಯಾಮಿಲಿ ಶೇರಿಂಗ್ ಮತ್ತು ಸ್ಕ್ರೀನ್ ಟೈಮ್.

3. ಹುಟ್ಟಿದ ದಿನಾಂಕ ನಿಜದ್ದನ್ನೇ ಕೊಡಿ. ಈ ಸಾಲನ್ನು ಇನ್ನೊಮ್ಮೆ ಓದಿ. ‘ಆಗೋದಿಲ್ಲ ಅಂತು ಸರ್, ಅದಕ್ಕೇ 2001 ಅಂತ ಹಾಕಿದೆ’ ಎನ್ನುವ ಪೋಷಕರು ವಾರಕ್ಕೊಬ್ಬರು ಸಿಗುತ್ತಾರೆ. ಹಾಗೆ ಹಾಕಿದ ಕ್ಷಣದಿಂದ ಮಕ್ಕಳಿಗೆಂದು ಇರುವ ರಕ್ಷಣೆಗಳೆಲ್ಲ ತಪ್ಪಿಹೋಗುತ್ತವೆ. ಹದಿಹರೆಯದವರ ಇನ್‌ಸ್ಟಾಗ್ರಾಂ ಖಾತೆ ತಾನಾಗಿಯೇ ಖಾಸಗಿಯಾಗಿ ತೆರೆದುಕೊಳ್ಳುತ್ತದೆ, ಅಪರಿಚಿತರ ಮೆಸೇಜ್ ತಡೆಯುತ್ತದೆ, ರಾತ್ರಿ ನೋಟಿಫಿಕೇಶನ್ ನಿಲ್ಲಿಸುತ್ತದೆ, 16 ತುಂಬದವರು ಇವನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಕೇಳುತ್ತದೆ. 2001ರಲ್ಲಿ ಹುಟ್ಟಿದ ಮಗುವಿಗೆ ಇದ್ಯಾವುದೂ ಇಲ್ಲ. ಜತೆಗೆ, ಅಪ್ಪ ಕೂತು ಕಲಿಸಿದ ಮೊದಲ ಪಾಠ ಸುಳ್ಳು ಹೇಳುವುದು.

4. ಆ ಖಾತೆಯಿಂದ ಮಗುವಿನ ಫೋನ್ ತೆರೆದು, ಹೊಸ ಆ್ಯಪ್ ಮತ್ತು ಖರೀದಿ ಎರಡಕ್ಕೂ ನಿಮ್ಮ ಒಪ್ಪಿಗೆ ಕಡ್ಡಾಯ ಮಾಡಿ. ದಿನದ ಮಿತಿ, ರಾತ್ರಿ ಲಾಕ್ ಆಗುವ ಹೊತ್ತು ಹಾಕಿ. ತಾಲೀಮಿನಲ್ಲಿ 45 ನಿಮಿಷ ಇತ್ತೇ? ಮೊದಲ ತಿಂಗಳೂ ಅಷ್ಟೇ ಇರಲಿ.

5. ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವ ಅನುಮತಿ ಬಂದ್ ಇದೆಯೇ ನೋಡಿ.

6. ಕೊನೆಗೆ ಸಿಮ್. ಕರೆ ಪಟ್ಟಿಯಲ್ಲಿ ಮನೆಯವರು, ಶಾಲೆ, ವ್ಯಾನಿನ ಚಾಲಕರು, ಪಕ್ಕದ ಮನೆ, ಮತ್ತು 112 (ತುರ್ತು ಸಹಾಯ), 1098 (ಮಕ್ಕಳ ಸಹಾಯವಾಣಿ).

ಒಂದು ಭ್ರಮೆ ಬಿಡಿಸಬೇಕು. ಫ್ಯಾಮಿಲಿ ಲಿಂಕ್ ಎಷ್ಟು ಹೊತ್ತು, ಯಾವ ಆ್ಯಪ್, ಎಲ್ಲಿ ಎಂದು ತೋರಿಸುತ್ತದೆ. ಯಾರ ಜತೆ ಏನು ಮಾತಾಡಿದರು ಎಂದು ತೋರಿಸುವುದಿಲ್ಲ. ಅದನ್ನೂ ತೋರಿಸುತ್ತೇವೆ ಎನ್ನುವ ಗುಟ್ಟಿನ ಆ್ಯಪ್‌ಗಳು ಸಿಗುತ್ತವೆ, ಹಾಕಬೇಡಿ. ಮಗುವಿಗೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಆಮೇಲೆ ಹಂತ 3ರಲ್ಲಿ ಕಟ್ಟಿದ್ದೆಲ್ಲ ಕುಸಿಯುತ್ತದೆ. ಲೊಕೇಶನ್ ನೋಡುತ್ತೀರಾದರೆ ‘ನೋಡುತ್ತೇನೆ’ ಎಂದು ಮೊದಲೇ ಹೇಳಿ.

ಹಂತ 7: ಆ್ಯಪ್‌ಗಳು ಒಂದೊಂದಾಗಿ

ಎರಡು ವಾರಕ್ಕೊಂದು ಹೊಸ ಆ್ಯಪ್, ಅದಕ್ಕಿಂತ ಬೇಗ ಬೇಡ. ನಾಲ್ಕು ಒಟ್ಟಿಗೆ ಹಾಕಿ, ಮಗುವಿನ ನಿದ್ದೆ ಕೆಟ್ಟರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಮೊದಲು ಕರೆ, ಕ್ಯಾಮೆರಾ, ನಕ್ಷೆ, ನಿಘಂಟು, ಪಾಠದ ಆ್ಯಪ್.

ಆಮೇಲೆ ಯೂಟ್ಯೂಬ್. ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್. ದೊಡ್ಡವರಿಗೆ ಮಗುವಿನ ಖಾತೆಗೆ ಜೋಡಿಸಿದ, ನೀವು ಮಟ್ಟ ಆರಿಸಬಹುದಾದ ಯೂಟ್ಯೂಬ್. ಆಟೊಪ್ಲೇ ಆಫ್ ಮಾಡಿ. ಒಂದು ವಿಡಿಯೊ ಮುಗಿದಾಗ ಪರದೆ ಸುಮ್ಮನೆ ನಿಂತರೆ, ಎದ್ದುಹೋಗಲು ಮಗುವಿಗೆ ಒಂದು ಸಂದು ಸಿಗುತ್ತದೆ.

ಮೂರನೆಯದು ವಾಟ್ಸ್ಆ್ಯಪ್, 13 ತುಂಬಿದ ಮೇಲೆ. ಪ್ರೈವಸಿಯಲ್ಲಿ ‘ಗ್ರೂಪ್ಸ್’ ತೆರೆದು ‘ಮೈ ಕಾಂಟ್ಯಾಕ್ಟ್ಸ್’ ಮಾಡಿ, ಇಲ್ಲದಿದ್ದರೆ ಯಾರು ಬೇಕಾದರೂ ಮಗುವನ್ನು ಗುಂಪಿಗೆ ಎಳೆದುಕೊಳ್ಳಬಹುದು. ಅಪರಿಚಿತ ಕರೆಗಳನ್ನು ಮೌನಗೊಳಿಸುವ ಆಯ್ಕೆ ಆನ್. ಫೋಟೋ ತಾನಾಗಿ ಡೌನ್‌ಲೋಡ್ ಆಗುವುದು ಆಫ್. ಎರಡು ಹಂತದ ದೃಢೀಕರಣಕ್ಕೆ ನಿಮ್ಮ ಇಮೇಲ್. ‘ಲಿಂಕ್ಡ್ ಡಿವೈಸಸ್’ ಎಲ್ಲಿದೆ ಎಂದು ಮಗುವಿಗೇ ತೋರಿಸಿ. ಗೆಳತಿ ಐದು ನಿಮಿಷ ಫೋನ್ ಇಸ್ಕೊಂಡು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡರೆ ಎಲ್ಲ ಮೆಸೇಜೂ ಅಲ್ಲಿ ಕಾಣುತ್ತದೆ ಎಂದು ಗೊತ್ತಿರಲಿ.

ಆಟಗಳಲ್ಲಿ ನೋಡಬೇಕಾದ್ದು ಎರಡೇ: ಅಪರಿಚಿತರ ಜತೆ ಮಾತು ಇದೆಯೇ, ದುಡ್ಡು ಕೇಳುತ್ತದೆಯೇ. ಮಾತನ್ನು ಸೆಟ್ಟಿಂಗ್‌ನಲ್ಲಿ ಬಂದ್ ಮಾಡಲು ಆಗದಿದ್ದರೆ ಆ ಆಟ ಬೇಡ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದೊಡ್ಡವರಿಗೂ ಸೇರಿಸಿಯೇ ನಿಷೇಧಿಸಿದೆ. ‘ಸ್ಕಿಲ್ ಗೇಮ್ ಅಂಕಲ್, ತಪ್ಪಲ್ಲ’ ಎನ್ನುವ ವಾದಕ್ಕೆ ಈಗ ಜಾಗವಿಲ್ಲ.

ಚಾಟ್‌ಜಿಪಿಟಿಯಂಥ ಎಐ ಆ್ಯಪ್‌ಗಳನ್ನು ಹಂಚಿಕೆಯ ಫೋನಿನಲ್ಲೇ ಇಟ್ಟುಕೊಳ್ಳಿ. ಚಾಟ್‌ಜಿಪಿಟಿಯ ನಿಯಮದಲ್ಲೇ 13ರೊಳಗೆ ಬೇಡ, 18ರೊಳಗೆ ಪೋಷಕರ ಒಪ್ಪಿಗೆ ಬೇಕು ಎಂದಿದೆ. ಹೋಂವರ್ಕ್ ಬರೆಸಿಕೊಳ್ಳುತ್ತಾರೆ ಎನ್ನುವುದು ಮೇಷ್ಟ್ರಾಗಿ ನನ್ನ ಚಿಂತೆ. ಅಪ್ಪನಾಗಿ ನನ್ನ ಚಿಂತೆ ಬೇರೆ, ರಾತ್ರಿ ಹತ್ತಕ್ಕೆ ಮನಸ್ಸಿನ ನೋವನ್ನು ಅದರ ಹತ್ತಿರ ಮಾತ್ರ ಹೇಳಿಕೊಳ್ಳುವ ಮಗುವಿನದು.

ಇನ್‌ಸ್ಟಾಗ್ರಾಂ ಕೊನೆಗೆ. ನನ್ನ ಮಗಳಿಗೆ ಇನ್ನೂ ಕೊಟ್ಟಿಲ್ಲ. ಎಂಟನೇ ಕ್ಲಾಸು, ದಿನಾ ವಾದ ನಡೆಯುತ್ತದೆ. ವಾಟ್ಸ್ಆ್ಯಪ್ ಆರು ತಿಂಗಳು ಸರಿಯಾಗಿ ನಡೆಯಲಿ ಎನ್ನುವುದು ನಮ್ಮ ಮನೆಯ ಒಪ್ಪಂದ. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದಾಳೆ.

ಹಂತ 8: ಮೊದಲ ಎಂಟು ವಾರ

ಫೋನ್ ಮನೆಯದು, ಮಗುವಿಗೆ ಬಳಸಲು ಕೊಟ್ಟಿದ್ದು. ಈ ಒಂದು ಮಾತನ್ನು ಕೊಡುವ ಕ್ಷಣದಲ್ಲೇ ಹೇಳಿ. ‘ಇದು ನಿನ್ನದು’ ಎಂದು ಕೊಟ್ಟಿದ್ದನ್ನು ಆಮೇಲೆ ಕೇಳಿದರೆ ಅದು ಕಸಿದುಕೊಂಡ ಹಾಗೆಯೇ.

ರಾತ್ರಿ ಒಂಬತ್ತಕ್ಕೆ ಎಲ್ಲರ ಫೋನೂ ಹೊರಗಿನ ಪ್ಲಗ್ಗಿಗೆ. ಎಲ್ಲರದೂ. ನಮ್ಮ ಮನೆಯಲ್ಲಿ ಅದು ಮಿಕ್ಸಿ ಪಕ್ಕದ ಕಟ್ಟೆ. ಮೊದಲ ವಾರ ನಾನೇ ಎರಡು ಸಲ ಸಿಕ್ಕಿಬಿದ್ದೆ, ಮಗಳು ನೋಟ್‌ಬುಕ್ಕಿನಲ್ಲಿ ‘ಅಪ್ಪ, ಕಿತ್ತುಕೊಳ್ಳಬೇಕಾಯಿತು’ ಎಂದು ಬರೆದಿಟ್ಟಿದ್ದಾಳೆ.

ಪ್ರತಿ ಭಾನುವಾರ ಹತ್ತು ನಿಮಿಷ, ಮಗುವಿನ ಜತೆ ಕೂತು ವಾರದ ಲೆಕ್ಕ ನೋಡಿ. ಮಗುವೇ ಫೋನ್ ಹಿಡಿದು ತೋರಿಸಲಿ. ಯಾವ ಆ್ಯಪ್‌ಗೆ ಎಷ್ಟು ಹೊತ್ತು, ಹೊಸದಾಗಿ ಯಾರು ಸೇರಿದರು, ತೆಗೆದುಹಾಕಬಹುದಾದ್ದು ಏನಿದೆ. ಗೆಳತಿಯರ ಚಾಟ್ ಒಂದೊಂದೇ ಓದುತ್ತಾ ಕೂರಬೇಡಿ. ಅದರಲ್ಲಿ ಬೇರೆಯವರ ಮಕ್ಕಳ ಗುಟ್ಟೂ ಇರುತ್ತದೆ.

ಎಲ್ಲ ಸರಿಯಿದ್ದರೆ ತಿಂಗಳಿಗೊಮ್ಮೆ ಒಂದು ಕಟ್ಟು ಸಡಿಲಿಸಿ: ಹದಿನೈದು ನಿಮಿಷ ಹೆಚ್ಚು, ಅಥವಾ ಒಂದು ಆ್ಯಪ್. ಸಡಿಲವಾಗುತ್ತದೆ ಎಂದು ಗೊತ್ತಿದ್ದರೆ ಮಕ್ಕಳು ಕಟ್ಟನ್ನು ಸಹಿಸಿಕೊಳ್ಳುತ್ತಾರೆ.

ಹಿಂದಕ್ಕೆ ಹೆಜ್ಜೆ ಇಡಬೇಕಾದ ಸೂಚನೆಗಳು

ನೀವು ಹತ್ತಿರ ಬಂದಾಗ ಪರದೆ ಮಗುಚುವುದು ಒಮ್ಮೊಮ್ಮೆ ಎಲ್ಲ ಮಕ್ಕಳೂ ಮಾಡುವಂಥದ್ದು. ದಿನವೂ ಆಗುತ್ತಿದ್ದರೆ, ಜತೆಗೆ ಬೆಳಿಗ್ಗೆ ಏಳಲು ಕಷ್ಟ, ಊಟ ಅರ್ಧಕ್ಕೆ, ಆಡಲು ಹೋಗುತ್ತಿದ್ದವನು ನಿಲ್ಲಿಸಿದ್ದು, ಲೆಕ್ಕಕ್ಕೆ ಸಿಗದ ದುಡ್ಡು, ಎರಡನೇ ಖಾತೆ, ಇವುಗಳಲ್ಲಿ ಯಾವುದಾದರೂ ಎರಡು ಸೇರಿದರೆ ಒಂದು ಹಂತ ಕೆಳಗಿಳಿಸಿ. ಹೊಸದಾಗಿ ಸೇರಿಸಿದ ಆ್ಯಪ್ ತೆಗೆದು ಎರಡು ವಾರ ನೋಡಿ. ಫೋನನ್ನೇ ಎತ್ತಿಟ್ಟುಕೊಳ್ಳುವುದು ಕೊನೆಯ ದಾರಿ, ಯಾಕೆಂದರೆ ‘ಹೇಳಿದರೆ ಫೋನ್ ಹೋಗುತ್ತೆ’ ಎಂದು ಒಮ್ಮೆ ಗೊತ್ತಾದ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಕೆಟ್ಟದ್ದು ನಡೆದೇ ಹೋದರೆ

ಯಾರೋ ಫೋಟೋ ಇಟ್ಟುಕೊಂಡು ಬೆದರಿಸುತ್ತಿದ್ದಾರೆ ಎಂದು ಮಗು ಬಂದು ಹೇಳಿತೇ? ಮೊದಲು ‘ಹೇಳಿದ್ದು ಒಳ್ಳೇದಾಯ್ತು’ ಎನ್ನಿ. ಆಮೇಲೆ ಉಳಿದದ್ದು. ದುಡ್ಡು ಕಳಿಸಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಪ್ರೊಫೈಲ್, ನಂಬರ್, ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದುಕೊಂಡು ನಂತರ ಬ್ಲಾಕ್ ಮಾಡಿ. ಆದರೆ ಮಗುವಿನ ಅಂಥ ಚಿತ್ರವನ್ನು ಸಾಕ್ಷಿಗೆಂದು ಮನೆಯವರಿಗೆ, ಶಾಲೆಯವರಿಗೆ ಫಾರ್ವರ್ಡ್ ಮಾಡಬಾರದು, ಅದು ಕಾನೂನಿನಲ್ಲೂ ತಪ್ಪು.

ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಉಳಿದ ದೂರುಗಳಿಗೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್ ಇದೆ, ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ. ಮಕ್ಕಳ ಸಹಾಯವಾಣಿ 1098. ಚಿತ್ರ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಅಲ್ಲಿ ಚಿತ್ರವನ್ನು ಕಳಿಸಬೇಕಾಗಿಲ್ಲ, ನಿಮ್ಮ ಫೋನಿನಲ್ಲೇ ತಯಾರಾಗುವ ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ.

ದುಡ್ಡು, ಬೆದರಿಕೆ ಏನೂ ಇಲ್ಲ, ಆದರೆ ಫೋನ್ ಬಿಟ್ಟಿರಲು ಮಗುವಿಗೆ ಆಗುತ್ತಲೇ ಇಲ್ಲ ಎನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ಹೋಗುವಾಗ ನೋಟ್‌ಬುಕ್ ಜತೆಗಿರಲಿ. ಯಾವ ವಾರದಿಂದ, ಯಾವ ಆ್ಯಪ್ ಬಂದ ಮೇಲೆ ಎಂದು ಅವರು ಕೇಳಿಯೇ ಕೇಳುತ್ತಾರೆ.